ಕೌಂಟಿ ಕೈಬಿಟ್ಟದ್ದು, ಪ್ಯಾರಿಷ್ ಹೊತ್ತದ್ದು

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಆರು ಮಂದಿ ಮತದಾರರು ಸೇರಿ, ತರಕಾರಿ ಬೆಳೆದುಕೊಳ್ಳಲು ತುಂಡು ನೆಲ ಬೇಕೆಂದು ಬರೆದುಕೊಟ್ಟರೆ ಅಲ್ಲಿನ ಪ್ಯಾರಿಷ್ ಕೌನ್ಸಿಲ್ ಆ ಅರ್ಜಿಯನ್ನು ಮೂಲೆಗೆ ಎಸೆಯುವಂತಿಲ್ಲ. 1908ರ ಕಾಯ್ದೆಯ ಪ್ರಕಾರ ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ನಿಜವೆಂದು ಕಂಡರೆ ನೆಲ ಒದಗಿಸಲೇಬೇಕು. ಊರಿನವರಿಗೆ ಒದಗಿಸಲೇಬೇಕಾದ ಸೇವೆಯೆಂದು ಕಾನೂನು ಪ್ಯಾರಿಷ್ ಕೌನ್ಸಿಲ್ಲಿನ ಹೆಗಲಿಗೆ ಹಾಕಿರುವುದು ಹೆಚ್ಚುಕಡಿಮೆ ಇದೊಂದೇ. ಬೀದಿದೀಪ, ಆಟದ ಬಯಲು, ಬಸ್ ತಂಗುದಾಣ, ಸ್ಮಶಾನ, ಸಾರ್ವಜನಿಕ ಶೌಚಾಲಯ, ಊರಿನ ಗಡಿಯಾರ, ಎಲ್ಲವೂ ಬೇಕಿದ್ದರೆ ಮಾಡಬಹುದಾದ ಕೆಲಸಗಳು. ಮಾಡದಿದ್ದರೆ ಕೇಳುವವರಿಲ್ಲ.

ಕಳೆದ ಹದಿನೈದು ವರ್ಷಗಳಲ್ಲಿ ಅಲ್ಲಿನ ಗ್ರಾಮೀಣ ಸಾರ್ವಜನಿಕ ಸೇವೆಗಳಿಗೆ ಏನಾಯಿತು ಎಂಬುದನ್ನು ತಿಳಿಯಲು ಈ ವ್ಯತ್ಯಾಸ ನೆನಪಿನಲ್ಲಿದ್ದರೆ ಸಾಕು. ಮೇಲಿನ ಕೌಂಟಿ ಮತ್ತು ಜಿಲ್ಲಾ ಕೌನ್ಸಿಲ್‌ಗಳಿಗೆ ಮಾಡಲೇಬೇಕಾದ ಕೆಲಸಗಳ ಉದ್ದ ಪಟ್ಟಿ ಇದೆ. ಹಣ ಕಡಿಮೆಯಾದಾಗ ಅವು ಆ ಪಟ್ಟಿಯನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟವು. ಬಿಟ್ಟದ್ದು ಬಿದ್ದದ್ದು ಕಡ್ಡಾಯವೇ ಇಲ್ಲದ, ಕೇಂದ್ರದ ಅನುದಾನವೂ ಇಲ್ಲದ ಪ್ಯಾರಿಷ್‌ಗಳ ಅಂಗಳಕ್ಕೆ. ಹಲವು ಪ್ಯಾರಿಷ್‌ಗಳು ಅದನ್ನು ಎತ್ತಿಕೊಂಡವು, ಕೆಲವು ಚೆನ್ನಾಗಿಯೇ ನಡೆಸುತ್ತಿವೆ. ಆದರೂ ಇದನ್ನು ಯಶಸ್ಸಿನ ಕತೆಯೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಪ್ಯಾರಿಷ್ ಎಂದೊಡನೆ ನಮಗೆ ಚರ್ಚು ನೆನಪಾಗುತ್ತದೆ. ಹುಟ್ಟು ಅಲ್ಲಿಂದಲೇ. ಬಡವರಿಗೆ ನೆರವು, ಹಾದಿ ರಿಪೇರಿ ಮುಂತಾದವನ್ನು ಶತಮಾನಗಳ ಕಾಲ ನೋಡಿಕೊಂಡದ್ದು ಚರ್ಚಿನ ಸಭೆಯೇ. 1894ರ ಸ್ಥಳೀಯ ಆಡಳಿತ ಕಾಯ್ದೆ ಲೌಕಿಕ ಕೆಲಸಗಳನ್ನು ಅಲ್ಲಿಂದ ಬಿಡಿಸಿ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳ ಕೈಗಿತ್ತಿತು. ಇಂದು ಇಂಗ್ಲೆಂಡಿನಲ್ಲಿ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳು ಸೇರಿ ಸುಮಾರು 10,000 ಇವೆ. ಸದಸ್ಯರಿಗೆ ಸಂಬಳವಿಲ್ಲ. ಸಣ್ಣ ಊರುಗಳಲ್ಲಿ ಸಂಬಳದ ನೌಕರ ಒಬ್ಬನೇ, ವಾರಕ್ಕೆ ಕೆಲವೇ ಗಂಟೆ ದುಡಿಯುವ ಕ್ಲರ್ಕ್. ಚುನಾವಣೆಗೆ ನಿಲ್ಲುವವರೇ ಸಿಗದೆ ಸದಸ್ಯರನ್ನು ಹುಡುಕಿ ನಾಮಕರಣ ಮಾಡಿಕೊಳ್ಳುವುದು ಸಾಮಾನ್ಯ ಸಂಗತಿ. ಹೊರಗಿನ ಜಗತ್ತಿಗೆ ಈ ಸಂಸ್ಥೆಯ ಪರಿಚಯವಾದದ್ದು 2021ರ ಫೆಬ್ರುವರಿಯಲ್ಲಿ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಪ್ಯಾರಿಷ್ ಕೌನ್ಸಿಲ್ಲಿನ ಜೂಮ್ ಸಭೆಯೊಂದರಲ್ಲಿ ಸದಸ್ಯರು ಕಿತ್ತಾಡಿದ್ದು, ಜಾಕಿ ವೀವರ್ ಎಂಬ ಮಹಿಳೆ ಅವರನ್ನು ಒಬ್ಬೊಬ್ಬರನ್ನಾಗಿ ಪರದೆಯಿಂದ ಹೊರಹಾಕಿದ್ದು ಲಕ್ಷಾಂತರ ಜನರಿಗೆ ನಗೆಪಾಟಲಾಯಿತು. ಆ ಸಭೆ ನೋಡಿ ನಕ್ಕವರಲ್ಲಿ ಎಷ್ಟೋ ಜನರ ಊರಿನ ಗ್ರಂಥಾಲಯದ ಬಾಗಿಲು ಆ ಹೊತ್ತಿಗೆ ಇಂಥದೇ ಒಂದು ಸಭೆಯ ತೀರ್ಮಾನದಿಂದ ತೆರೆದಿತ್ತು ಎನ್ನುವುದು ಬೇರೆ ಮಾತು.

ಪ್ಯಾರಿಷ್‌ನ ಆದಾಯ ಪ್ರಿಸೆಪ್ಟ್ ಎಂಬ ಸಣ್ಣ ತೆರಿಗೆ. ಮನೆಮನೆಗೂ ಬರುವ ಕೌನ್ಸಿಲ್ ತೆರಿಗೆಯ ಬಿಲ್ಲಿನಲ್ಲಿ ಅದಕ್ಕೊಂದು ಸಾಲು. ತನಗೆ ಬೇಕಾದ ಮೊತ್ತವನ್ನು ಪ್ಯಾರಿಷ್ ತಿಳಿಸುತ್ತದೆ, ಮೇಲಿನ ಕೌನ್ಸಿಲ್ ವಸೂಲು ಮಾಡಿ ಕೊಡುತ್ತದೆ. 2025–26ರಲ್ಲಿ ಮಧ್ಯಮ ದರ್ಜೆಯ ಮನೆಯೊಂದರ, ಅಂದರೆ ‘ಡಿ’ ವರ್ಗದ, ಸರಾಸರಿ ಕೌನ್ಸಿಲ್ ತೆರಿಗೆ ಸುಮಾರು 2,280 ಪೌಂಡ್. ಪ್ಯಾರಿಷ್ ಇರುವ ಕಡೆ ಅದರ ಪಾಲು ಸರಾಸರಿ 92 ಪೌಂಡ್‌ನಷ್ಟು. ನಮ್ಮ ಗ್ರಾಮ ಪಂಚಾಯಿತಿಯ ಲೆಕ್ಕ ಬಲ್ಲವರಿಗೆ ಇದು ತಲೆಕೆಳಗಾಗಿ ಕಾಣಬಹುದು. ನಮ್ಮಲ್ಲಿ ಸ್ವಂತ ತೆರಿಗೆ ಅಲ್ಪ, ಹಣಕಾಸು ಆಯೋಗದ ಹಾಗೂ ಯೋಜನೆಗಳ ಅನುದಾನವೇ ಜೀವಾಳ. ಅಲ್ಲಿ ತೆರಿಗೆಯೇ ಎಲ್ಲ, ಲಂಡನ್ನಿನಿಂದ ನೇರವಾಗಿ ಬರುವ ನಿಯತ ಅನುದಾನ ಇಲ್ಲ.

ಇನ್ನು ಕಡಿತದ ಕತೆ. 2008ರ ಬ್ಯಾಂಕ್ ಕುಸಿತದ ನಂತರ, 2010ರಲ್ಲಿ ಬಂದ ಡೇವಿಡ್ ಕ್ಯಾಮರನ್ ಸರ್ಕಾರ ಖರ್ಚು ತಗ್ಗಿಸಲು ಹೊರಟಾಗ ಕತ್ತರಿ ಎಲ್ಲಕ್ಕಿಂತ ಜೋರಾಗಿ ಆಡಿದ್ದು ಸ್ಥಳೀಯ ಸಂಸ್ಥೆಗಳ ಮೇಲೆ. ಆಸ್ಪತ್ರೆ, ಶಾಲೆಗಳಿಗೆ ತಕ್ಕಮಟ್ಟಿನ ರಕ್ಷಣೆ ಇತ್ತು, ಕೌನ್ಸಿಲ್‌ಗಳಿಗೆ ಇರಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಲೆಕ್ಕದಂತೆ 2010–11ರಿಂದ 2017–18ರ ನಡುವೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರದಿಂದ ಬರುವ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಶೇಕಡಾ 49.1ರಷ್ಟು ಇಳಿಯಿತು. ತೆರಿಗೆ ಏರಿಸಿ ತುಂಬಿಕೊಳ್ಳೋಣವೆಂದರೆ ಅದಕ್ಕೂ ಅಂಕುಶ. ಸರ್ಕಾರ ನಿಗದಿ ಮಾಡಿದ ಶೇಕಡಾವಾರಿಗಿಂತ ಹೆಚ್ಚು ಏರಿಸಬೇಕಾದರೆ ಜನಮತಗಣನೆ ನಡೆಸಿ ಗೆಲ್ಲಬೇಕು. ತೆರಿಗೆ ಹೆಚ್ಚಿಸಿ ಎಂದು ಮತ ಹಾಕುವವರು ಯಾವ ದೇಶದಲ್ಲಿದ್ದಾರೆ?

ಇನ್ನೊಂದು ಕಡೆಯಿಂದ ಖರ್ಚು ಏರುತ್ತಿತ್ತು. ವೃದ್ಧರ ಮತ್ತು ಅಂಗವಿಕಲರ ಆರೈಕೆ, ಅಪಾಯದಲ್ಲಿರುವ ಮಕ್ಕಳ ರಕ್ಷಣೆ, ವಿಶೇಷ ಅಗತ್ಯದ ಮಕ್ಕಳನ್ನು ಶಾಲೆಗೆ ತಲುಪಿಸುವುದು, ಇವೆಲ್ಲ ಕೌಂಟಿಯ ಕಡ್ಡಾಯ ಕೆಲಸಗಳು. ಮಾಡದಿದ್ದರೆ ನ್ಯಾಯಾಲಯ ಬಿಡುವುದಿಲ್ಲ. ಹಳ್ಳಿಗಾಡಿನಲ್ಲಿ ಈ ಹೊರೆ ಇನ್ನೂ ಭಾರ. ಗ್ರಾಮೀಣ ಇಂಗ್ಲೆಂಡಿನ ಜನರಲ್ಲಿ ನಾಲ್ವರಲ್ಲೊಬ್ಬರು 65 ದಾಟಿದವರು. ನಗರಗಳಲ್ಲಿ ಆ ಪ್ರಮಾಣ ಬಹಳ ಕಡಿಮೆ. ಮುದುಕರೊಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಆರೈಕೆಯ ಕೆಲಸದವಳು ಕಾರಿನಲ್ಲಿ ಹತ್ತು ಮೈಲಿ ಹೋಗಬೇಕಾದಾಗ ಆ ಹಾದಿಯ ಹೊತ್ತಿಗೂ ಖರ್ಚಿದೆ. ಹೀಗೆ ಕೌಂಟಿಯ ಬಜೆಟ್ಟಿನ ದೊಡ್ಡ ಪಾಲನ್ನು ಆರೈಕೆಯೇ ನುಂಗತೊಡಗಿತು. ತೆರಿಗೆ ಕಟ್ಟುವ ಬಹುಪಾಲು ಮನೆಗಳಿಗೆ ಅದರ ಪ್ರಯೋಜನ ಕಣ್ಣಿಗೆ ಕಾಣದು. ಕಾಣುವುದು ಬೆಳೆದು ನಿಂತ ಹುಲ್ಲು, ಆರಿದ ದೀಪ, ಬಾರದ ಬಸ್ಸು.

ಇದು ಎಲ್ಲಿಗೆ ಹೋಗಿ ಮುಟ್ಟಬಹುದೆಂದು ಮೊದಲು ತೋರಿಸಿದ್ದು ನಾರ್ಥಾಂಪ್ಟನ್‌ಷೈರ್. 2018ರ ಫೆಬ್ರುವರಿಯಲ್ಲಿ ಅಲ್ಲಿನ ಕೌಂಟಿ ಕೌನ್ಸಿಲ್ 114ನೆಯ ಸೆಕ್ಷನ್ನಿನ ನೋಟಿಸು ಹೊರಡಿಸಿತು. ಆದಾಯಕ್ಕೂ ಖರ್ಚಿಗೂ ತಾಳೆಯಾಗುತ್ತಿಲ್ಲ, ಕಡ್ಡಾಯದ್ದನ್ನು ಬಿಟ್ಟು ಹೊಸದಾಗಿ ಒಂದು ಪೆನ್ನಿಯನ್ನೂ ಖರ್ಚು ಮಾಡುವಂತಿಲ್ಲ ಎಂದು ಹಣಕಾಸು ಅಧಿಕಾರಿಯೇ ಬರೆದುಕೊಡುವ ನೋಟಿಸು ಅದು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಅಂಥದ್ದು ಬಂದಿರಲಿಲ್ಲ. ಆಮೇಲೆ ಕ್ರಾಯ್ಡನ್, ಸ್ಲೌ, ಥರಕ್, ವೋಕಿಂಗ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಸಾಲುಗಟ್ಟಿದವು. ನಾರ್ಥಾಂಪ್ಟನ್‌ಷೈರ್ ವಿಷಯದಲ್ಲಿ ಎಲ್ಲ ತಪ್ಪನ್ನೂ ಲಂಡನ್ನಿನ ಮೇಲೆ ಹೊರಿಸುವುದು ನ್ಯಾಯವಲ್ಲ. ವರ್ಷಗಟ್ಟಲೆ ತೆರಿಗೆ ಏರಿಸದೆ ಕುಳಿತದ್ದು, ಹೊಸ ಮುಖ್ಯ ಕಚೇರಿ ಕಟ್ಟಿ ಕೆಲವೇ ತಿಂಗಳಲ್ಲಿ ಅದನ್ನೇ ಮಾರಾಟಕ್ಕಿಟ್ಟದ್ದು ಕೌನ್ಸಿಲ್ಲಿನದೇ ಕರ್ಮ. ಸರ್ಕಾರ ನೇಮಿಸಿದ ಪರಿಶೀಲಕ ಮ್ಯಾಕ್ಸ್ ಕ್ಯಾಲರ್, ಈ ಕೌನ್ಸಿಲನ್ನು ಸರಿಪಡಿಸುವುದಕ್ಕಿಂತ ವಿಸರ್ಜಿಸುವುದೇ ಮೇಲೆಂದು ವರದಿ ಕೊಟ್ಟರು. 2021ರಲ್ಲಿ ಹಾಗೆಯೇ ಆಯಿತು.

ಆದರೆ ಬೆಲೆ ತೆತ್ತವರು ಹಳ್ಳಿಯವರು. 36 ಗ್ರಂಥಾಲಯಗಳಲ್ಲಿ 21ನ್ನು ಮುಚ್ಚುವ ತೀರ್ಮಾನವಾಯಿತು. ಬಸ್ಸಿನ ಸಬ್ಸಿಡಿ ಪೂರ್ತಿ ರದ್ದು. ಊರಿನವರು ಗ್ರಂಥಾಲಯದ ಪರವಾಗಿ ಹೈಕೋರ್ಟಿಗೆ ಹೋದರು. ತೀರ್ಮಾನ ಕಾನೂನುಬಾಹಿರವೆಂದು 2018ರ ಆಗಸ್ಟಿನಲ್ಲಿ ತೀರ್ಪು ಬಂತು. ಗೆದ್ದದ್ದೇನೋ ಗೆದ್ದರು. ಆಮೇಲಿನ ಹೊಸ ಯೋಜನೆಯಲ್ಲಿ ಅರ್ಧಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಊರಿನ ಸಂಘಗಳೇ ನಡೆಸಬೇಕೆಂದಾಯಿತು. ಮುಚ್ಚುತ್ತೇವೆ ಎಂದರೆ ಕೋರ್ಟು ಕೇಳುತ್ತದೆ. ನೀವೇ ನಡೆಸಿಕೊಳ್ಳಿ ಎಂದರೆ ಕೇಳುವುದು ಕಷ್ಟ. ಈ ಪಾಠವನ್ನು ಬೇರೆ ಕೌಂಟಿಗಳು ಬೇಗ ಕಲಿತವು.

ಗ್ರಂಥಾಲಯ ನಿಜಕ್ಕೂ ಕಡ್ಡಾಯದ ಸೇವೆ. 1964ರ ಕಾಯ್ದೆ ಸಮಗ್ರವೂ ದಕ್ಷವೂ ಆದ ಗ್ರಂಥಾಲಯ ಸೇವೆ ಇರಬೇಕೆನ್ನುತ್ತದೆ, ಆದರೆ ಎಷ್ಟು ಊರಿಗೆ ಒಂದು ಎಂದು ಹೇಳುವುದಿಲ್ಲ. ಆ ಸಡಿಲದಲ್ಲೇ ಎಲ್ಲ ನಡೆಯಿತು. ಸ್ವಯಂಸೇವಕರು ನಡೆಸುವ ಗ್ರಂಥಾಲಯದ ಮಾದರಿಯೆಂದು ಎಲ್ಲರೂ ಎತ್ತಿ ತೋರಿಸುತ್ತಿದ್ದುದು ಬಕಿಂಗ್‌ಹ್ಯಾಮ್‌ಷೈರ್‌ನ ಚಾಲ್ಫಾಂಟ್ ಸೇಂಟ್ ಜೈಲ್ಸ್. ಕಡಿತದ ಯುಗ ಶುರುವಾಗುವ ಮೊದಲೇ, 2006–07ರ ಸುಮಾರಿಗೆ ಊರಿನವರು ಅದನ್ನು ವಹಿಸಿಕೊಂಡು ಚೊಕ್ಕವಾಗಿ ನಡೆಸಿದರು. ಪ್ಲೇಗಿನ ವರ್ಷದಲ್ಲಿ ಕವಿ ಮಿಲ್ಟನ್ ಲಂಡನ್ ಬಿಟ್ಟು ಬಂದು ತಂಗಿದ್ದ ಊರದು. ಅವನ ಮನೆ ಈಗಲೂ ಇದೆ. ಲಂಡನ್ನಿಗೆ ದಿನವೂ ಹೋಗಿಬರುವಷ್ಟು ಹತ್ತಿರ, ಮನೆಗಳ ಬೆಲೆ ಆಕಾಶಕ್ಕೆ, ಬ್ಯಾಂಕು, ಬಿಬಿಸಿ, ವಕೀಲಿ ಕಚೇರಿಗಳಿಂದ ನಿವೃತ್ತರಾಗುವವರಿಗೆ ಹೇಳಿಮಾಡಿಸಿದ ಜಾಗ. ಇಂಥ ಊರಿನಲ್ಲಿ ಪುಸ್ತಕ ಜೋಡಿಸಲು, ಲೆಕ್ಕ ಬರೆಯಲು, ದಾನಪತ್ರ ತಯಾರಿಸಲು ಕೈಗಳಿಗೆ ಬರವಿಲ್ಲ. ಲಿಂಕನ್‌ಷೈರ್‌ನ ಎಲೆಕೋಸಿನ ಹೊಲಗಳ ನಡುವಿನ ಹಳ್ಳಿಗೂ ಅದೇ ಮಾದರಿಯನ್ನು ತೋರಿಸಿ ‘ನೀವೂ ಹೀಗೆಯೇ ಮಾಡಿ’ ಎಂದರೆ ಏನು ಹೇಳುವುದು? ಲಿಂಕನ್‌ಷೈರ್ ಕೌಂಟಿ 30ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಊರುಗಳಿಗೆ ವರ್ಗಾಯಿಸಿದಾಗ ಅಲ್ಲೂ ಜನ ಮುಂದೆ ಬಂದರು ಎನ್ನುವುದು ಅವರ ದೊಡ್ಡತನ.

ಸ್ವಯಂಸೇವೆಯ ಗ್ರಂಥಾಲಯಗಳ ಬಗೆಗೆ ಓದುಗರು ಯೋಚಿಸದ ಒಂದು ಸಂಗತಿ ಇದೆ. ಬ್ರಿಟನ್ನಿನಲ್ಲಿ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕನಿಗೆ ಕೆಲವು ಪೆನ್ನಿ ಸಲ್ಲುತ್ತದೆ. ಶಾಸನಬದ್ಧ ಸೇವೆಯ ಲೆಕ್ಕದಿಂದ ಹೊರಬಿದ್ದ ಗ್ರಂಥಾಲಯದಲ್ಲಿ ಅದೂ ಸಲ್ಲದು. ಕೌಂಟಿಯ ಗ್ರಂಥಪಾಲಕಿ ಹೋದಳು, ಲೇಖಕನ ಪೆನ್ನಿಯೂ ಹೋಯಿತು. ಅಂಕಿಅಂಶಗಳಲ್ಲಿ ಮಾತ್ರ ಗ್ರಂಥಾಲಯ ‘ಉಳಿಯಿತು’. ನಮ್ಮಲ್ಲಿಯೂ 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು, ಈಗ ಅವು ಅರಿವು ಕೇಂದ್ರಗಳು. ಅಲ್ಲಿನ ಮೇಲ್ವಿಚಾರಕರಿಗೆ ಸಿಗುವುದು ಎಷ್ಟು ಸಾಕು ಎಂಬ ವಾದ ಇದ್ದೇ ಇದೆ. ಆದರೆ ಬಾಗಿಲು ತೆಗೆಯಲು ಹಣ ಪಡೆಯುವ ಒಬ್ಬ ಮನುಷ್ಯ ಇರಬೇಕೆಂಬುದನ್ನು ನಾವು ಬಿಟ್ಟುಕೊಟ್ಟಿಲ್ಲ.

ಬಸ್ಸಿನ ಕತೆ ಗ್ರಂಥಾಲಯಕ್ಕಿಂತ ಕೆಟ್ಟದ್ದು. ಲಂಡನ್ ಹೊರತು ಉಳಿದೆಡೆ ಬಸ್ ಮಾರ್ಗಗಳನ್ನು 1986ರಲ್ಲಿ ಖಾಸಗಿ ಪೈಪೋಟಿಗೆ ಬಿಟ್ಟರು. ಲಾಭವಿರುವ ಮಾರ್ಗದಲ್ಲಿ ಕಂಪನಿ ಓಡಿಸುತ್ತದೆ. ಲಾಭವಿಲ್ಲದ, ಆದರೆ ಜನರಿಗೆ ಬೇಕಾದ ಮಾರ್ಗಕ್ಕೆ ಕೌಂಟಿ ಸಬ್ಸಿಡಿ ಕೊಡಬಹುದು. ಕೊಡಲೇಬೇಕೆಂದಿಲ್ಲ. ಕಂಬ್ರಿಯಾ 2014ರ ಸುಮಾರಿಗೆ ಕೈ ಎತ್ತಿತು, 2016ರಲ್ಲಿ ಆಕ್ಸ್‌ಫರ್ಡ್‌ಷೈರ್ ಎಲ್ಲ ಸಬ್ಸಿಡಿಯನ್ನೂ ನಿಲ್ಲಿಸಿತು. ನಿವೃತ್ತರಿಗೆ ಬೆಳಗಿನ 9.30ರ ನಂತರ ಎಲ್ಲೆಡೆ ಉಚಿತ ಪ್ರಯಾಣದ ಪಾಸು ಮಾತ್ರ ಕಾನೂನಿನಂತೆ ಕಡ್ಡಾಯವಾಗಿ ಉಳಿಯಿತು. ಕೈಯಲ್ಲಿ ಪಾಸು, ಊರಿಗೆ ಬಸ್ಸೇ ಇಲ್ಲ: ಹಳ್ಳಿಯ ಮುದುಕರ ಕಹಿ ನಗೆಗೆ ಇದು ವರ್ಷಗಟ್ಟಲೆ ಒದಗಿಬಂತು.

ಪ್ಯಾರಿಷ್‌ಗಳು ಇಲ್ಲಿ ಮಾಡಿದ್ದೇನು? 1997ರ ಒಂದು ಕಾಯ್ದೆ ಸಮುದಾಯ ಸಾರಿಗೆಗೆ ಹಣ ಕೊಡುವ ಅಧಿಕಾರವನ್ನು ಅವುಗಳಿಗೆ ಕೊಟ್ಟಿದೆ. ಕೆಲವೆಡೆ ಮಾರ್ಗದ ಉದ್ದಕ್ಕೂ ಇರುವ ಪ್ಯಾರಿಷ್‌ಗಳು ಸೇರಿ ತಲೆಗಿಷ್ಟು ಎಂದು ಹಾಕಿ ಬಸ್ಸನ್ನು ಉಳಿಸಿಕೊಂಡವು. ಇಲ್ಲಿ ಜಗಳ ಖಚಿತ. ಮಾರ್ಗದ ತುದಿಯಲ್ಲಿರುವ ಊರಿಗೆ ಬಸ್ಸು ಪ್ರಾಣ, ನಡುವಿನ ದೊಡ್ಡ ಊರಿಗೆ ಅದು ಇದ್ದರೂ ಸರಿ ಇಲ್ಲದಿದ್ದರೂ ಸರಿ. ನಡುವಿನವರು ಪಾಲು ಹಾಕದಿದ್ದರೆ ತುದಿಯವರ ಬಸ್ಸು ಹೋಯಿತು. ಇನ್ನು ಕೆಲವೆಡೆ ಊರಿನವರೇ ಮಿನಿಬಸ್ ಓಡಿಸತೊಡಗಿದರು. ಯಾರ್ಕ್‌ಷೈರ್ ಡೇಲ್ಸ್‌ನ ಪಶ್ಚಿಮ ಅಂಚಿನಲ್ಲಿ, ಸೆಡ್‌ಬರ್ಗ್ ಸುತ್ತಮುತ್ತ ಓಡುವ ವೆಸ್ಟರ್ನ್ ಡೇಲ್ಸ್ ಬಸ್ ಹಾಗೆ ಸ್ವಯಂಸೇವಕ ಚಾಲಕರ ಬಲದಿಂದ ನಡೆಯುವಂಥದ್ದು. ಮಂಗಳವಾರ ಒಂದು ಸಂತೆಗೆ, ಗುರುವಾರ ಇನ್ನೊಂದಕ್ಕೆ ಎಂಬಂತೆ ವಾರದ ದಿನಗಳಿಗೆ ಹಂಚಿದ ಬಸ್ಸುಗಳು ಇಂಥ ಕಡೆಗಳಲ್ಲಿ ಸಾಮಾನ್ಯ. ಆಸ್ಪತ್ರೆಯ ದಿನಾಂಕ ಬುಧವಾರಕ್ಕೆ ಬಿದ್ದರೆ ನೆರೆಯವರ ಕಾರೇ ಗತಿ.

ಚಾಲಕರ ವಿಷಯದಲ್ಲಿ ಕಾಲವೇ ಒಡ್ಡಿರುವ ಒಂದು ಮಿತಿ ಇದೆ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮೊದಲು ಕಾರು ಓಡಿಸುವ ಪರವಾನಗಿ ಪಡೆದವರಿಗೆ ಮಿನಿಬಸ್ ಓಡಿಸುವ ಹಕ್ಕೂ ಅದರೊಂದಿಗೇ ಬಂದಿತ್ತು. ಆಮೇಲೆ ಪಡೆದವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೇರೆ ಪರೀಕ್ಷೆ, ಬೇರೆ ಖರ್ಚು. ಹಳೆಯ ಹಕ್ಕಿದ್ದವರು 70 ದಾಟಿದ ಮೇಲೆ ಅದನ್ನು ಉಳಿಸಿಕೊಳ್ಳಲು ವೈದ್ಯಕೀಯ ತಪಾಸಣೆ ಆಗಬೇಕು. ಅಂದರೆ ಹಳ್ಳಿಯ ಬಸ್ಸನ್ನು ಪುಕ್ಕಟೆ ಓಡಿಸಬಲ್ಲವರು ಹೆಚ್ಚಾಗಿ ಐವತ್ತು, ಅರವತ್ತು ದಾಟಿದ ಒಂದೇ ತಲೆಮಾರು. ಆ ತಲೆಮಾರು ಚಾಲಕನ ಸೀಟಿನಿಂದ ಹಿಂದಿನ ಸೀಟಿಗೆ ಹೋಗುವ ದಿನ ದೂರವಿಲ್ಲ.

ಇನ್ನು ಶೌಚಾಲಯ. ನಗುವ ವಿಷಯವಲ್ಲ. ಸಾರ್ವಜನಿಕ ಶೌಚಾಲಯ ಕಟ್ಟಬೇಕು, ಇಡಬೇಕು ಎಂಬ ಕಡ್ಡಾಯ ಇಂಗ್ಲೆಂಡಿನ ಯಾವ ಕೌನ್ಸಿಲ್ಲಿಗೂ ಇಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವ ಕಡೆಗಳಲ್ಲಿ ಇದೂ ಒಂದು. ಕಾರ್ನ್‌ವಾಲ್ ಇದಕ್ಕೆ ಒಳ್ಳೆಯ ಉದಾಹರಣೆ. 2009ರಲ್ಲಿ ಜಿಲ್ಲಾ ಕೌನ್ಸಿಲ್‌ಗಳನ್ನೆಲ್ಲ ರದ್ದು ಮಾಡಿ ಇಡೀ ಕಾರ್ನ್‌ವಾಲ್‌ಗೆ ಒಂದೇ ಕೌನ್ಸಿಲ್ ಆಯಿತು. ಅದರ ಕೆಳಗೆ 213 ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳು. ಪ್ಯಾರಿಷ್ ಇಲ್ಲದ ಅಂಗುಲ ನೆಲವಿಲ್ಲ. ಒಂದು ಕಾಲಕ್ಕೆ ಸುಮಾರು 250 ಶೌಚಾಲಯಗಳಿದ್ದಲ್ಲಿ, 2018ರ ಹೊತ್ತಿಗೆ ಕಾರ್ನ್‌ವಾಲ್ ಕೌನ್ಸಿಲ್ ತಾನೇ ನಡೆಸುತ್ತಿದ್ದುದು 14 ಮಾತ್ರ. ಹೆಚ್ಚಿನವು ಮುಚ್ಚಲಿಲ್ಲ, ಪ್ಯಾರಿಷ್‌ಗಳ ಪಾಲಾದವು. ಬೇಸಿಗೆಯಲ್ಲಿ ಕಡಲತೀರಕ್ಕೆ ಲಕ್ಷಗಟ್ಟಲೆ ಪ್ರವಾಸಿಗರು ಬರುವ ಸೀಮೆ ಅದು. ಕೆಲವೇ ನೂರು ಮನೆಗಳ ಮೀನುಗಾರರ ಊರು ಇಡೀ ದೇಶದ ರಜೆಯ ಜನರಿಗೆ ಶೌಚಾಲಯ ತೊಳೆಯುವ ಖರ್ಚು ಹೊರುತ್ತದೆ. ಮೇಲಾಗಿ ಆ ಕಟ್ಟಡಗಳಿಗೆ ಅಂಗಡಿಗಳಿಗೆ ಹಾಕುವಂಥ ವಾಣಿಜ್ಯ ತೆರಿಗೆ ಬೇರೆ ಕಟ್ಟಬೇಕಿತ್ತು! ವರ್ಷಗಟ್ಟಲೆ ಪ್ಯಾರಿಷ್‌ಗಳು ಅರಚಿದ ಮೇಲೆ, 2021ರಲ್ಲಿ ಶೌಚಾಲಯಗಳಿಗೆ ಆ ತೆರಿಗೆಯಿಂದ ಪೂರ್ತಿ ವಿನಾಯಿತಿ ಕೊಡುವ ಕಾಯ್ದೆ ಬಂತು. ನನ್ನ ಮಟ್ಟಿಗೆ ಈ ಹದಿನೈದು ವರ್ಷಗಳಲ್ಲಿ ಪ್ಯಾರಿಷ್‌ಗಳು ಸರ್ಕಾರದಿಂದ ಹಿಂಡಿ ತೆಗೆದ ಅತ್ಯಂತ ಸ್ಪಷ್ಟ ಗೆಲುವು ಇದೇ. ಕಾರ್ನ್‌ವಾಲ್ ಇದೇ ರೀತಿ ಗ್ರಂಥಾಲಯಗಳನ್ನೂ ಫಾಲ್ಮತ್, ಲಿಸ್ಕರ್ಡ್, ಬ್ಯೂಡ್ ಮುಂತಾದ ಊರುಗಳ ಟೌನ್ ಕೌನ್ಸಿಲ್‌ಗಳಿಗೆ ಒಪ್ಪಿಸಿತು. ಅಲ್ಲಿ ಸಂಬಳದ ಸಿಬ್ಬಂದಿ ಉಳಿದರು. ಅದಕ್ಕೆ ಕಾರಣ ಆ ಊರುಗಳಿಗೆ ತಕ್ಕಮಟ್ಟಿನ ತೆರಿಗೆ ಬುಡ ಇತ್ತು.

ರಸ್ತೆಬದಿಯ ಹುಲ್ಲು ಕತ್ತರಿಸುವುದು, ಚರಂಡಿ ಬಿಡಿಸುವುದು, ಹಿಮ ಬಿದ್ದಾಗ ಎರಚಲು ಉಪ್ಪಿನ ಪೆಟ್ಟಿಗೆ ತುಂಬುವುದು, ದಾರಿಫಲಕ ತೊಳೆಯುವುದು, ಇವೆಲ್ಲ ಮೇಲ್ನೋಟಕ್ಕೆ ಸಣ್ಣವು. ಹೆರೆಫರ್ಡ್‌ಷೈರ್, ವೂಸ್ಟರ್‌ಷೈರ್ ಕಡೆ ‘ಲೆಂಗ್ತ್ಸ್‌ಮನ್’ ಎಂಬ ಹಳೆಯ ಹುದ್ದೆಯನ್ನು ಮತ್ತೆ ಚಾಲ್ತಿಗೆ ತಂದಿದ್ದಾರೆ. ಇಷ್ಟು ಉದ್ದದ ರಸ್ತೆ ಇವನದು ಎಂದು ಹಿಂದೆ ಹಂಚಿಕೊಡುತ್ತಿದ್ದ ಕೂಲಿಯವನ ಹೆಸರು ಅದು. ಈಗ ಪ್ಯಾರಿಷ್ ಗೊತ್ತುಮಾಡಿಕೊಂಡ ಸ್ಥಳೀಯ ಗುತ್ತಿಗೆಯವನು ಆ ಕೆಲಸ ಮಾಡುತ್ತಾನೆ. ಊರಿನ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆಂದು ಅವನಿಗೆ ಗೊತ್ತಿರುವಷ್ಟು ಕೌಂಟಿಯ ಕಚೇರಿಗೆ ಗೊತ್ತಿರುವುದಿಲ್ಲ, ಖರ್ಚೂ ಕಡಿಮೆ. ಕೆಳಗಿನವರ ಕೈಗೆ ಕೊಟ್ಟರೆ ಕೆಲಸ ಉತ್ತಮವಾಗುವ ನಿಜವಾದ ಉದಾಹರಣೆ ಇದು, ಇದನ್ನು ಒಪ್ಪಿಕೊಳ್ಳಲೇಬೇಕು. ರಸ್ತೆಯ ಗುಂಡಿಗಳು ಮಾತ್ರ ಪ್ಯಾರಿಷ್‌ನ ಕೈಗೆ ಮೀರಿದ್ದು. ಡಾಂಬರು ಉದ್ಯಮದವರ ವಾರ್ಷಿಕ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳ ಬಾಕಿ ರಿಪೇರಿಗೆ 2025ರಲ್ಲಿ ಸುಮಾರು 1,681 ಕೋಟಿ ಪೌಂಡ್ ಬೇಕಿತ್ತು.

ಹಸ್ತಾಂತರದ ಗಾಳಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬೀಸುತ್ತದೆಂದೇನಿಲ್ಲ. ಒಂದು ವಿಚಿತ್ರ ಅಪವಾದವಿದೆ. ಹೊಸದಾಗಿ ಹೂಳಲು ಜಾಗವಿಲ್ಲದೆ ಮುಚ್ಚಿದ ಚರ್ಚಿನ ಸ್ಮಶಾನವನ್ನು ನೋಡಿಕೊಳ್ಳುವ ಹೊಣೆಯನ್ನು ಚರ್ಚಿನ ಮಂಡಳಿ ಒಂದು ಪತ್ರ ಬರೆದು ಪ್ಯಾರಿಷ್ ಕೌನ್ಸಿಲ್ಲಿಗೆ ದಾಟಿಸಬಹುದು. ಪ್ಯಾರಿಷ್ ಎಚ್ಚೆತ್ತು ಮೂರು ತಿಂಗಳೊಳಗೆ ನಿರ್ಣಯ ಮಾಡಿದರೆ ಅದನ್ನು ಜಿಲ್ಲಾ ಕೌನ್ಸಿಲ್ಲಿಗೆ ಸಾಗಹಾಕಬಹುದು. 1972ರ ಕಾಯ್ದೆಯ ಈ ಸೆಕ್ಷನ್ ಗೊತ್ತಿಲ್ಲದ ಕ್ಲರ್ಕ್ ಇದ್ದರೆ ವಾಲಿದ ಸಮಾಧಿಗಲ್ಲುಗಳೂ ಕುಸಿಯುವ ಕಲ್ಲುಗೋಡೆಯೂ ಊರಿನ ಲೆಕ್ಕಕ್ಕೆ ಶಾಶ್ವತವಾಗಿ ಸೇರುತ್ತವೆ. ಇಡೀ ವ್ಯವಸ್ಥೆ ಅರೆಕಾಲಿಕ ಕ್ಲರ್ಕ್ ಒಬ್ಬರ ಓದಿನ ಮೇಲೆ ನಿಂತಿದೆ ಎನ್ನುವುದು ಉತ್ಪ್ರೇಕ್ಷೆಯಲ್ಲ. 2011ರ ಲೋಕಲಿಸಂ ಕಾಯ್ದೆ ಪ್ಯಾರಿಷ್‌ಗಳಿಗೆ ಕಾನೂನು ನಿಷೇಧಿಸದ ಯಾವ ಕೆಲಸವನ್ನಾದರೂ ಮಾಡುವ ಸಾಮಾನ್ಯ ಅಧಿಕಾರ ಕೊಟ್ಟಿತು. ಆದರೆ ಅದಕ್ಕೆ ಎರಡು ಷರತ್ತು: ಸದಸ್ಯರಲ್ಲಿ ಮೂರನೆಯ ಎರಡು ಭಾಗ ಚುನಾವಣೆಯ ಮೂಲಕ ಬಂದಿರಬೇಕು, ಕ್ಲರ್ಕ್ ಅರ್ಹತೆಯ ಪ್ರಮಾಣಪತ್ರ ಪಡೆದಿರಬೇಕು. ಜನ ಸಿಗದೆ ನಾಮಕರಣ ಮಾಡಿಕೊಂಡ ಬಡ, ಸಣ್ಣ ಪ್ಯಾರಿಷ್‌ಗೆ ಈ ಅಧಿಕಾರ ದಕ್ಕುವುದಿಲ್ಲ. ಅದಕ್ಕೆ ಉಳಿಯುವುದು ಬಿಡಿಬಿಡಿ ಕಾಯ್ದೆಗಳು, ಮತ್ತು ಮತದಾರರೊಬ್ಬರಿಗೆ ಇಷ್ಟು ಎಂದು ಮಿತಿ ಹಾಕಿದ ಚಿಲ್ಲರೆ ಖರ್ಚು. 2024–25ರಲ್ಲಿ ಆ ಮಿತಿ ತಲೆಗೆ 10.81 ಪೌಂಡ್.

ಹಣದ ಪ್ರಶ್ನೆಗೆ ಬರೋಣ, ಯಾಕೆಂದರೆ ಕೊನೆಗೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಕೌಂಟಿ, ಜಿಲ್ಲಾ ಕೌನ್ಸಿಲ್‌ಗಳ ತೆರಿಗೆ ಏರಿಕೆಗೆ ಜನಮತಗಣನೆಯ ಅಂಕುಶವಿದೆ. ಪ್ಯಾರಿಷ್‌ಗಳಿಗೆ ಅದನ್ನು ಸರ್ಕಾರ ಈವರೆಗೆ ಅನ್ವಯಿಸಿಲ್ಲ. ಅಂಕುಶವಿಲ್ಲದ ಈ ಒಂದು ಕಿಂಡಿಯ ಮೂಲಕವೇ ಭಾರವೆಲ್ಲ ಕೆಳಗೆ ಹರಿಯಿತು. ಸಾಮರ್‌ಸೆಟ್‌ನಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ನಡೆಯಿತು. 2023ರ ಏಪ್ರಿಲ್‌ನಲ್ಲಿ ಹುಟ್ಟಿದ ಹೊಸ ಏಕೀಕೃತ ಸಾಮರ್‌ಸೆಟ್ ಕೌನ್ಸಿಲ್ ಅದೇ ನವೆಂಬರ್‌ನಲ್ಲಿ ಹಣಕಾಸಿನ ತುರ್ತು ಸ್ಥಿತಿ ಘೋಷಿಸಿತು. ಉದ್ಯಾನ, ಶೌಚಾಲಯ ಮೊದಲಾದವನ್ನು ಟೌನ್, ಪ್ಯಾರಿಷ್‌ಗಳು ವಹಿಸಿಕೊಳ್ಳದಿದ್ದರೆ ನಿಲ್ಲಿಸುತ್ತೇವೆ ಎಂಬ ಮಾತು ಬಂತು. ಟಾಂಟನ್ ಟೌನ್ ಕೌನ್ಸಿಲ್ ಮರುವರ್ಷ ತನ್ನ ಪ್ರಿಸೆಪ್ಟನ್ನು ಎರಡು ಪಟ್ಟಿಗೂ ಮೀರಿ ಏರಿಸಬೇಕಾಯಿತು. ಸಾಮರ್‌ಸೆಟ್ ಕೌನ್ಸಿಲ್ ತನ್ನ ತೆರಿಗೆಯನ್ನೇನು ತಗ್ಗಿಸಲಿಲ್ಲ. 2025–26ರಲ್ಲಿ ಸರ್ಕಾರದ ವಿಶೇಷ ಅನುಮತಿ ಪಡೆದು ಶೇಕಡಾ 7.5ರಷ್ಟು ಏರಿಸಿತು. ಹೋದ ಸೇವೆಗೂ ತೆರಿಗೆ, ಬಂದ ಸೇವೆಗೂ ತೆರಿಗೆ. ಎರಡು ಸಲ ತೆರಿಗೆ ಎಂಬ ಈ ದೂರು ಪ್ಯಾರಿಷ್ ವಲಯದಲ್ಲಿ ಬಹಳ ಹಳೆಯದು. ಮೇಲಿನ ಕೌನ್ಸಿಲ್ ಬಯಸಿದರೆ ಪ್ಯಾರಿಷ್‌ಗೆ ಪರಿಹಾರ ಕೊಡಬಹುದೆಂದು ಕಾನೂನಿದೆ. ಇಲ್ಲೂ ‘ಕೊಡಬಹುದು’, ಅಷ್ಟೇ.

2013ರಲ್ಲಿ ನಡೆದದ್ದನ್ನೂ ಹೇಳಬೇಕು. ಬಡವರಿಗೆ ಕೌನ್ಸಿಲ್ ತೆರಿಗೆಯಲ್ಲಿ ಕೊಡುವ ರಿಯಾಯಿತಿಯ ಲೆಕ್ಕವನ್ನು ಸರ್ಕಾರ ಬದಲಿಸಿದ್ದರಿಂದ ಪ್ಯಾರಿಷ್‌ಗಳ ತೆರಿಗೆ ಬುಡ ಕುಗ್ಗಿತು. ಅದನ್ನು ತುಂಬಲು ಸುಮಾರು 4 ಕೋಟಿ ಪೌಂಡನ್ನು ಜಿಲ್ಲಾ ಕೌನ್ಸಿಲ್‌ಗಳ ಮೂಲಕ ಕಳಿಸಲಾಯಿತು, ಆದರೆ ಅದು ಪ್ಯಾರಿಷ್‌ಗಳಿಗೇ ಸೇರತಕ್ಕದ್ದೆಂದು ಕಟ್ಟಿಹಾಕಲಿಲ್ಲ. ಕೆಲವು ಜಿಲ್ಲೆಗಳು ನಿಯತ್ತಾಗಿ ದಾಟಿಸಿದವು, ಕೆಲವು ಉಳಿಸಿಕೊಂಡವು. ವರ್ಷ ಕಳೆದಂತೆ ಉಳಿಸಿಕೊಳ್ಳುವವರೇ ಹೆಚ್ಚಾದರು.

ಈ ಏರ್ಪಾಡಿನಲ್ಲಿ ಅನ್ಯಾಯ ಎಲ್ಲಿ ಕೂತಿದೆ ಎಂದು ನೋಡಲು ಒಂದು ಊಹೆಯ ಲೆಕ್ಕ ಸಾಕು. ಐನೂರು ಮನೆಗಳ ಹಳ್ಳಿ ಮನೆಗೆ 20 ಪೌಂಡ್ ಏರಿಸಿದರೆ ಕೈಗೆ ಬರುವುದು 10,000 ಪೌಂಡ್. ಅಗ್ಗದ, ಕೆಳವರ್ಗದ ಮನೆಗಳೇ ಹೆಚ್ಚಿದ್ದರೆ ಅದಕ್ಕಿಂತ ಕಡಿಮೆ. ಮನೆಯ ವರ್ಗ ಗೊತ್ತಾಗುವುದು 1991ರ ಬೆಲೆಯ ಮೇಲೆ. ಮೂವತ್ತು ವರ್ಷ ದಾಟಿದರೂ ಅದನ್ನು ಮರುನಿಗದಿ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಕಾಟ್ಸ್‌ವೋಲ್ಡ್ಸ್‌ನ ಜೇನುಬಣ್ಣದ ಕಲ್ಲುಮನೆಗಳ ಊರಿಗೂ, ಡರಂ ಕೌಂಟಿಯಲ್ಲಿ ಕಲ್ಲಿದ್ದಲು ಗಣಿ ಮುಚ್ಚಿದ ಊರಿಗೂ ಒಂದೇ ಹಸ್ತಾಂತರ ಪತ್ರ ಕಳಿಸಿದರೆ ಒಂದು ಕಡೆ ಗ್ರಂಥಾಲಯಕ್ಕೆ ಕಾಫಿ ಯಂತ್ರ ಬರುತ್ತದೆ, ಇನ್ನೊಂದು ಕಡೆ ಬೀಗ ಬೀಳುತ್ತದೆ. ಪ್ಯಾರಿಷ್‌ಗಳೇ ಇಲ್ಲದ ನಗರ ಪ್ರದೇಶಗಳಲ್ಲಿ ಇಂಗ್ಲೆಂಡಿನ ಹೆಚ್ಚಿನ ಜನ ವಾಸಿಸುತ್ತಾರೆ. ಅವರಿಗೆ ಈ ಎರಡನೆಯ ತೆರಿಗೆಯೂ ಇಲ್ಲ, ಎರಡನೆಯ ಆಸರೆಯೂ ಇಲ್ಲ.

‘ಬಿಗ್ ಸೊಸೈಟಿ’ ಎಂದು ಕ್ಯಾಮರನ್ 2010ರಲ್ಲಿ ಇದಕ್ಕೊಂದು ತತ್ತ್ವದ ಹೊದಿಕೆ ಹೊದಿಸಿದ್ದರು: ಸರ್ಕಾರ ಹಿಂದೆ ಸರಿದರೆ ಸಮಾಜ ಮುಂದೆ ಬರುತ್ತದೆ. ಪ್ರಯೋಗಕ್ಕೆ ಆಯ್ದ ನಾಲ್ಕು ಕಡೆಗಳಲ್ಲಿ ಲಿವರ್‌ಪೂಲ್ ಮರುವರ್ಷವೇ ಹಣವಿಲ್ಲದೆ ಇದು ಸಾಧ್ಯವಿಲ್ಲವೆಂದು ಹೊರನಡೆಯಿತು. ಕಂಬ್ರಿಯಾದ ಈಡನ್ ಕಣಿವೆ ಉಳಿಯಿತು, ಎಲ್ಲಿ ಏನು ಕಟ್ಟಬಹುದೆಂದು ಊರಿನವರೇ ಬರೆದುಕೊಳ್ಳುವ ‘ನೆರೆಹೊರೆ ಯೋಜನೆ’ಗಳಲ್ಲಿ ದೇಶದ ಮೊದಲನೆಯದನ್ನು 2013ರಲ್ಲಿ ಜನಮತದಿಂದ ಒಪ್ಪಿಸಿಯೂ ಕೊಂಡಿತು. ಅಲ್ಲಿನವರಿಗೆ ಒಟ್ಟಾಗಿ ಕೆಲಸ ಮಾಡುವುದನ್ನು ಕ್ಯಾಮರನ್ ಕಲಿಸಬೇಕಾಗಿರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದಾಗ ರೈತನೇ ಟ್ರ್ಯಾಕ್ಟರ್ ತಂದು ದಾರಿ ಬಿಡಿಸುವ ಸೀಮೆ ಅದು. ಬ್ರಿಟಿಷ್ ಟೆಲಿಕಾಂ ಬಿಟ್ಟ ಕೆಂಪು ಫೋನ್ ಪೆಟ್ಟಿಗೆಗಳನ್ನು ಒಂದು ಪೌಂಡಿಗೆ ಕೊಂಡು ಪುಸ್ತಕದ ಗೂಡು ಮಾಡಿದ ಊರುಗಳ ಚಿತ್ರಗಳನ್ನು ನೀವು ನೋಡಿರಬಹುದು. ಸಾಮರ್‌ಸೆಟ್‌ನ ವೆಸ್ಟ್‌ಬರಿ-ಸಬ್-ಮೆಂಡಿಪ್ 2009ರಲ್ಲಿ, ಸಂಚಾರಿ ಗ್ರಂಥಾಲಯ ಬರುವುದು ನಿಂತಾಗ, ಹಾಗೆ ಮಾಡಿತು. ನೋಡಲು ಮುದ್ದಾದ ಚಿತ್ರ. ನೂರು ಚಿಲ್ಲರೆ ಪುಸ್ತಕದ ಆ ಗೂಡು ಗ್ರಂಥಾಲಯವಲ್ಲ ಎಂದು ಅದನ್ನು ಮಾಡಿದವರಿಗೂ ಗೊತ್ತು.

2024ರಲ್ಲಿ ಸರ್ಕಾರ ಬದಲಾಯಿತು. ಲೇಬರ್ ಪಕ್ಷ ಸ್ಥಳೀಯ ಸಂಸ್ಥೆಗಳಿಗೆ ಒಟ್ಟಾರೆ ಹಣ ಹೆಚ್ಚಿಸಿದರೂ ಬಡತನ ಹೆಚ್ಚಿರುವ ನಗರಗಳ ಕಡೆಗೆ ಅದನ್ನು ತಿರುಗಿಸಿತು. ಹರಡಿಕೊಂಡ ಹಳ್ಳಿಗಳಿಗೆ ಸೇವೆ ಮುಟ್ಟಿಸುವ ಹೆಚ್ಚುವರಿ ಖರ್ಚಿಗೆಂದು ಇದ್ದ 11 ಕೋಟಿ ಪೌಂಡ್‌ಗಳ ಗ್ರಾಮೀಣ ಅನುದಾನ 2025–26ರಿಂದ ನಿಂತುಹೋಯಿತು. ನಗರದ ಬಡತನ ನಿಜ. ಆದರೆ ಹಳ್ಳಿಯ ಬಡವ ಶ್ರೀಮಂತ ನೆರೆಯವರ ಸರಾಸರಿಯಲ್ಲಿ ಮುಳುಗಿಹೋಗುತ್ತಾನೆ, ಕಾರಿಲ್ಲದವನಿಗೆ ಬಸ್ಸೂ ಇಲ್ಲವಾದಾಗ ಆಗುವ ಕೊರತೆಯನ್ನು ಈ ಸೂತ್ರಗಳು ಸರಿಯಾಗಿ ಅಳೆಯುತ್ತಿಲ್ಲ ಎಂಬ ಗ್ರಾಮೀಣ ಕೌನ್ಸಿಲ್‌ಗಳ ವಾದದಲ್ಲಿ ಹುರುಳಿದೆ.

ಮುಂದಿನ ಅಲೆ ಈಗಾಗಲೇ ಎದ್ದಿದೆ. ಉಳಿದ ಎರಡು ಹಂತದ ಕೌಂಟಿ-ಜಿಲ್ಲೆಗಳನ್ನೆಲ್ಲ ಕರಗಿಸಿ ಐದು ಲಕ್ಷದ ಆಸುಪಾಸಿನ ಜನಸಂಖ್ಯೆಯ ಏಕೀಕೃತ ಕೌನ್ಸಿಲ್‌ಗಳನ್ನು ಮಾಡುವುದಾಗಿ 2024ರ ಡಿಸೆಂಬರ್‌ನ ಶ್ವೇತಪತ್ರ ಹೇಳಿತು. ಜಿಲ್ಲಾ ಕೌನ್ಸಿಲ್ ಎಂಬ ನಡುವಿನ ಮೆಟ್ಟಿಲೇ ಹೋದ ಮೇಲೆ ಹಳ್ಳಿಗೆ ಹತ್ತಿರವಿರುವುದು ಪ್ಯಾರಿಷ್ ಒಂದೇ. ಕಾರ್ನ್‌ವಾಲ್, ಸಾಮರ್‌ಸೆಟ್‌ಗಳಲ್ಲಿ ಆದದ್ದು ನಾಳೆ ದೇಶದ ಬಹುಭಾಗದಲ್ಲಿ ಆಗುವ ಸಾಧ್ಯತೆ ಇದೆ. ಹೊಸ ಕೌನ್ಸಿಲ್‌ಗಳು ಹಳೆಯ ಸಾಲಗಳನ್ನೂ ಆರೈಕೆಯ ಖರ್ಚನ್ನೂ ಹೊತ್ತುಕೊಂಡೇ ಹುಟ್ಟುತ್ತವೆ. ಮೊದಲ ಬಜೆಟ್ಟಿನಲ್ಲೇ ಅವು ಬಿಡಬಹುದಾದದ್ದನ್ನು ಹುಡುಕುತ್ತವೆ.

ಪ್ಯಾರಿಷ್‌ಗಳಿಗೆ ಕೆಲಸ ಕೊಡಬಾರದು ಎಂದು ನನ್ನ ವಾದವಲ್ಲ. ಹೆರೆಫರ್ಡ್‌ಷೈರ್‌ನ ಚರಂಡಿಗಳು ಬೇರೆಯದೇ ಹೇಳುತ್ತವೆ. ಆದರೆ ಸೇವೆಯೊಂದನ್ನು ಕೆಳಗೆ ಕಳಿಸುವಾಗ ಅದಕ್ಕೆ ಆಗುತ್ತಿದ್ದ ಹಣದ ಪಾಲನ್ನು ಇಂತಿಷ್ಟು ವರ್ಷ ಜೊತೆಗೆ ಕಳಿಸಲೇಬೇಕೆಂದು ಕಾನೂನು ಬರೆಯಬೇಕು, ತೆರಿಗೆ ಬುಡ ಸಣ್ಣದಿರುವ ಊರುಗಳಿಗೆ ಕೇಂದ್ರದಿಂದ ನೇರ ಅನುದಾನ ಇರಬೇಕು. ಮೂಲ ಕಾಯಿಲೆ ವೃದ್ಧರ ಆರೈಕೆಯ ಹಣಕಾಸು. ಅದನ್ನು ಕೌಂಟಿಯ ತೆರಿಗೆಯಿಂದ ಬಿಡಿಸಿ ರಾಷ್ಟ್ರದ ಖಜಾನೆಗೆ ಒಯ್ಯದೆ ಶೌಚಾಲಯ, ಗ್ರಂಥಾಲಯಗಳನ್ನು ಎಷ್ಟು ಸಲ ಕೈ ಬದಲಿಸಿದರೂ ಲೆಕ್ಕ ಕೂಡುವುದಿಲ್ಲ. ಹೊಸ ವ್ಯವಸ್ಥೆಗೆ ಮೊದಲು ಹೋಗುವುದು ಸರ್ರೆ: ಅಲ್ಲಿನ ಕೌಂಟಿ ಮತ್ತು ಜಿಲ್ಲಾ ಕೌನ್ಸಿಲ್‌ಗಳ ಜಾಗದಲ್ಲಿ ಎರಡು ಏಕೀಕೃತ ಕೌನ್ಸಿಲ್‌ಗಳು ಕೆಲಸ ಶುರುಮಾಡಬೇಕಾದದ್ದು 2027ರ ಏಪ್ರಿಲ್‌ನಲ್ಲಿ. ಉಳಿದ ಬಹುತೇಕ ಕಡೆಗಳಿಗೆ ಸರ್ಕಾರ ಇಟ್ಟುಕೊಂಡಿರುವ ಗಡುವು 2028ರ ಏಪ್ರಿಲ್. ಹಣದ ಕಾನೂನು ಬರೆಯಲು ಇರುವ ಸಮಯ ಅಷ್ಟೇ.